ಚೀಟಿಯಲ್ಲಿ ಹೆಸರು ಬಾರದವರು

ಕೆಲಸ ಕಲಿಸಿಕೊಡಿ ಎಂದು ಅರ್ಜಿ ಹಿಡಿದು ಬಂದ ಬಡವನೊಬ್ಬನನ್ನು, ಅವನಲ್ಲಿ ಯಾವ ಕೊರತೆಯೂ ಇಲ್ಲದಿರುವಾಗ, ಚೀಟಿಯಲ್ಲಿ ಹೆಸರು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ವಾಪಸು ಕಳಿಸುವುದು ನ್ಯಾಯವೇ? ಕಳಿಸಿದ್ದೂ ಸಾಲದೆಂದು, ವರ್ಷ ಕಳೆದ ಮೇಲೆ ಅವನನ್ನು ಹುಡುಕಿಕೊಂಡು ಹೋಗಿ, ‘ನಮ್ಮ ತರಬೇತಿ ಸಿಗದೆ ನೀನು ಹೇಗಿದ್ದೀಯ, ಎಷ್ಟು ಸಂಪಾದಿಸಿದೆ?’ ಎಂದು ಕೇಳಿ ಬರೆದುಕೊಳ್ಳುವುದು?

ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ‘ಇದೆಂಥ ಕ್ರೌರ್ಯ’ ಎಂದೇ ಹೇಳುತ್ತೇವೆ. ಆದರೆ ಅಮೆರಿಕದ ಕಾರ್ಮಿಕ ಇಲಾಖೆ ಸರಕಾರದ ಹಣದಲ್ಲೇ ಇದನ್ನು ಮಾಡಿತು. ಗುಟ್ಟಾಗಿಯಲ್ಲ, ಎಲ್ಲರಿಗೂ ತಿಳಿಯುವಂತೆ. 1987ರ ನವೆಂಬರಿನಿಂದ 1989ರ ಸೆಪ್ಟೆಂಬರಿನ ತನಕ ಓಕ್‌ಲ್ಯಾಂಡ್, ಜೆರ್ಸಿ ಸಿಟಿ, ಕಾರ್ಪಸ್ ಕ್ರಿಸ್ಟಿ, ಫೋರ್ಟ್ ವೇನ್ ಮೊದಲಾದ ಹದಿನಾರು ಕಡೆಗಳಲ್ಲಿ ಉದ್ಯೋಗ ತರಬೇತಿಗೆ ಬಂದ 20 ಸಾವಿರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಲಾಯಿತು. ಮೂವರಲ್ಲಿ ಇಬ್ಬರಿಗೆ ತರಬೇತಿಯ ಬಾಗಿಲು ತೆರೆಯಿತು. ಉಳಿದ ಒಬ್ಬರಿಗೆ ಹದಿನೆಂಟು ತಿಂಗಳು ಆ ಯೋಜನೆಯ ಹೊಸ್ತಿಲು ದಾಟುವಂತಿರಲಿಲ್ಲ. ಬೇರೆ ಕಡೆ ಕಲಿಯುವುದಕ್ಕೆ ಅಡ್ಡಿಯಿರಲಿಲ್ಲ, ಹಲವರು ಹಾಗೆ ಕಲಿತರು ಕೂಡ. ಆಮೇಲೆ ಎರಡೂ ಪಾಲಿನವರ ಸಂಪಾದನೆಯನ್ನು ಎರಡೂವರೆ ವರ್ಷ ಲೆಕ್ಕ ಇಡಲಾಯಿತು. 1982ರ ಉದ್ಯೋಗ ತರಬೇತಿ ಕಾಯ್ದೆಯಡಿ ಬಡವರಿಗಾಗಿ ಸುರಿಯುತ್ತಿದ್ದ ಹಣದಿಂದ ಅವರಿಗೆ ನಿಜಕ್ಕೂ ಏನಾದರೂ ಸಿಗುತ್ತಿದೆಯೇ ಎಂದು ತಿಳಿಯುವುದಕ್ಕಾಗಿ ಈ ಏರ್ಪಾಡು.

ಇಷ್ಟು ಕಠೋರವಾದ ದಾರಿಯನ್ನು ಏಕೆ ಹಿಡಿದರು? ಇದಕ್ಕೆ ಉತ್ತರ ಅವರ ಹಿಂದಿನ ಹತ್ತು ಹದಿನೈದು ವರ್ಷಗಳ ಅನುಭವದಲ್ಲಿದೆ. 1970ರ ದಶಕದಲ್ಲಿ ಆ ದೇಶ ತರಬೇತಿಗೂ ತಾತ್ಕಾಲಿಕ ಕೆಲಸಗಳಿಗೂ ಹಣವನ್ನು ನೀರಿನಂತೆ ಚೆಲ್ಲಿತು. 1977ರಲ್ಲಿ ಯುವಕರಿಗಾಗಿಯೇ ಒಂದು ಕಾಯ್ದೆ ಮಾಡಿ ಸಾಲು ಸಾಲು ಪ್ರಾಯೋಗಿಕ ಯೋಜನೆಗಳನ್ನು ಶುರು ಮಾಡಿತು. ವರದಿಗಳು ರಾಶಿಯಾಗಿ ಬಂದವು. 1985ರಲ್ಲಿ ಅವರ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ನಾನ್ನೂರಕ್ಕೂ ಹೆಚ್ಚು ವರದಿಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ‘ಈ ಯೋಜನೆಯಿಂದ ಫಲ ಸಿಕ್ಕಿತೇ’ ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಕೊಡುವಂಥವು ಮೂವತ್ತನ್ನೂ ಮುಟ್ಟಲಿಲ್ಲ. ಅಷ್ಟೂ ಹಣ, ಅಷ್ಟೂ ಯುವಕರು, ಅಷ್ಟೂ ವರ್ಷ. ಕೊನೆಗೆ ಕೈಯಲ್ಲಿ ಉಳಿದದ್ದು ಕಾಗದ. ದೊಡ್ಡವರ ತರಬೇತಿಯ ಕತೆಯೂ ಬೇರೆಯಿರಲಿಲ್ಲ. ಒಂದೇ ಯೋಜನೆಯ ಒಂದೇ ಅಂಕಿ ಅಂಶಗಳನ್ನು ಇಟ್ಟುಕೊಂಡು ಒಬ್ಬ ವಿದ್ವಾಂಸ ಲಾಭವಾಯಿತೆಂದರೆ ಇನ್ನೊಬ್ಬ ನಷ್ಟವೆಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತರಬೇತಿಗೆ ಮುಂಚೆ ಸಂಪಾದನೆ ಎಷ್ಟಿತ್ತು, ಅನಂತರ ಎಷ್ಟಾಯಿತು ಎಂದು ನೋಡಿದರೆ ಸಾಲದೇ? ಇದಕ್ಕೇಕೆ ಚೀಟಿ ಎತ್ತುವ ಗೋಜು? 1978ರಲ್ಲಿ ಓರ್ಲಿ ಆಶೆನ್‌ಫೆಲ್ಟರ್ ಎಂಬ ಅರ್ಥಶಾಸ್ತ್ರಜ್ಞ ಒಂದು ಸಣ್ಣ ಸಂಗತಿಯತ್ತ ಗಮನ ಸೆಳೆದರು. ತರಬೇತಿಗೆ ಸೇರುವವರ ಸಂಪಾದನೆ ಸೇರುವುದಕ್ಕೆ ಸ್ವಲ್ಪ ಮುಂಚೆ ಕುಸಿದಿರುತ್ತದೆ. ಇದರಲ್ಲಿ ಆಶ್ಚರ್ಯವೇನು? ಅಂಗಡಿ ಮುಚ್ಚಿತು, ಮಾಲೀಕ ಬಿಡಿಸಿದ, ಕಾಯಿಲೆ ಬಿದ್ದ, ಆಗಲೇ ಮನುಷ್ಯ ತರಬೇತಿಯ ಅರ್ಜಿ ಕೇಳಿಕೊಂಡು ಬರುವುದು. ಬಿದ್ದವನು ಹೇಗೂ ಒಂದಿಷ್ಟು ಏಳುತ್ತಾನೆ. ಯೋಜನೆ ಇಲ್ಲದಿದ್ದರೂ ಏಳುತ್ತಿದ್ದ. ಆದರೆ ಇಲಾಖೆಯ ವರದಿಯಲ್ಲಿ ಅವನು ಎದ್ದದ್ದೆಲ್ಲ ತರಬೇತಿಯ ಮಹಿಮೆಯಾಗಿ ದಾಖಲಾಗುತ್ತದೆ. ಜ್ವರ ತಾನಾಗಿ ಇಳಿಯುವ ದಿನ ತಾಯಿತ ಕಟ್ಟಿದವನಿಗೆ ಹೆಸರು ಬಂದ ಹಾಗೆ.

ನಮ್ಮಲ್ಲಿ ಯಾವುದೇ ಕೌಶಲ್ಯ ಯೋಜನೆಯ ಸಭೆಗೆ ಹೋಗಿ ನೋಡಿ, ಇಷ್ಟು ಮಂದಿಗೆ ತರಬೇತಿ, ಇಷ್ಟು ಮಂದಿಗೆ ಸರ್ಟಿಫಿಕೇಟ್, ಶೇಕಡಾ ಇಷ್ಟು ಮಂದಿಗೆ ಉದ್ಯೋಗ ಎಂದು ವೇದಿಕೆಯ ಮೇಲಿಂದ ಓದುತ್ತಾರೆ. ಆ ಹುಡುಗರು ಈ ಮೂರು ತಿಂಗಳು ತರಗತಿಯಲ್ಲಿ ಕೂರದೆ ಇದ್ದಿದ್ದರೆ ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಗುತ್ತಿತ್ತು ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನವೆಂಬಂತೆ ನೋಡುತ್ತಾರೆ. ಆದರೆ ಯೋಜನೆಯ ಬೆಲೆ ಇರುವುದು ಆ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಮಾತ್ರ. ಆ ಅಂತರ ತಿಳಿಯಬೇಕಾದರೆ, ಎಲ್ಲ ವಿಧದಲ್ಲೂ ಇವರಂತೆಯೇ ಇದ್ದು ತರಬೇತಿ ಮಾತ್ರ ಸಿಗದ ಇನ್ನೊಂದು ಗುಂಪು ಬೇಕು. ಅಂಥ ಗುಂಪನ್ನು ಕಾಗದದ ಮೇಲೆ ಹೊಂದಿಸಿಕೊಂಡರೆ ಆಗದೇ ಎಂದರೆ, 1986ರಲ್ಲಿ ರಾಬರ್ಟ್ ಲಲಾಂಡ್ ಎಂಬ ಸಂಶೋಧಕರು ಅದನ್ನೂ ಪರೀಕ್ಷಿಸಿದರು. ಚೀಟಿ ಎತ್ತಿ ನಡೆಸಿದ ಹಳೆಯ ಪ್ರಯೋಗವೊಂದರ ಉತ್ತರವನ್ನು ಪಕ್ಕದಲ್ಲಿಟ್ಟು, ಲೆಕ್ಕಾಚಾರದಿಂದ ಹೊಂದಿಸಿದ ಗುಂಪುಗಳು ಕೊಡುವ ಉತ್ತರದೊಡನೆ ಹೋಲಿಸಿದರು. ಹೊಂದಿಸಿದ ಲೆಕ್ಕಗಳು ಸಾಕಷ್ಟು ದಾರಿ ತಪ್ಪಿದ್ದವು. ‘ಇವನು ಅವನಂತೆಯೇ ಇದ್ದಾನೆ’ ಎಂದು ನಾವು ಎಷ್ಟೇ ಹೇಳಿದರೂ ಮನುಷ್ಯನ ಹಟ, ಆಸೆ, ಮನೆಯ ಕಷ್ಟ ಯಾವ ನಮೂನೆಯ ಫಾರಮ್ಮಿನಲ್ಲೂ ಸಿಗುವುದಿಲ್ಲವಲ್ಲ.

ಹೀಗೆ ಚೀಟಿಯೇ ಬೇಕಾಯಿತು. ಆದರೆ ಚೀಟಿಯ ನೈತಿಕತೆ?

ನಮ್ಮ ಓದುಗರಲ್ಲಿ ಬಹಳ ಮಂದಿಗೆ ಚೀಟಿ ಹೊಸದಲ್ಲ. ಉರ್ದುವಿನಲ್ಲಿ ಅದಕ್ಕೆ ಕುರಾ ಎನ್ನುತ್ತೇವೆ. ಹಜ್ ಕಮಿಟಿಗೆ ಬರುವ ಅರ್ಜಿಗಳು ಸೀಟುಗಳಿಗಿಂತ ಹೆಚ್ಚಾದಾಗ ಕುರಾ ಎತ್ತುತ್ತಾರೆ. ಜೀವಮಾನವಿಡೀ ಹಣ ಕೂಡಿಟ್ಟ ಮುದುಕನ ಹೆಸರು ಬಾರದೆ ಹೋಗಬಹುದು. ಅವನು ಕಣ್ಣೀರು ಹಾಕುತ್ತಾನೆ, ಆದರೆ ಅನ್ಯಾಯವಾಯಿತೆಂದು ದೂರುವುದಿಲ್ಲ. ಹಕ್ಕು ಎಲ್ಲರದೂ ಸಮ, ಸೀಟು ಕಡಿಮೆ, ಶಿಫಾರಸಿಗೆ ಅವಕಾಶವಿಲ್ಲ. ಇಂಥಲ್ಲಿ ಕುರಾ ಮನುಷ್ಯರ ಪಕ್ಷಪಾತದಿಂದ ಮನುಷ್ಯರನ್ನು ಕಾಪಾಡುತ್ತದೆ. ಅಮೆರಿಕದಲ್ಲಿ ಚೀಟಿಯನ್ನು ಸಮರ್ಥಿಸಿದವರೂ ಮೊದಲು ಹೇಳಿದ್ದು ಇದನ್ನೇ. ಹಣ ಹೇಗೂ ಎಲ್ಲರಿಗೂ ಸಾಲದು, ಯಾರನ್ನಾದರೂ ಬಿಡಲೇಬೇಕು, ಬಿಡುವುದಾದರೆ ಚೀಟಿಯಿಂದ ಬಿಡುವುದೇ ಮೇಲು. ಈ ಮಾತಿನಲ್ಲಿ ತೂಕವಿದೆ. ಏಕೆಂದರೆ ಚೀಟಿ ಇಲ್ಲದಾಗ ಆಯ್ಕೆ ಹೇಗೆ ನಡೆಯುತ್ತಿತ್ತು? ಇಷ್ಟು ಮಂದಿಗೆ ಕೆಲಸ ಕೊಡಿಸಲೇಬೇಕೆಂಬ ಗುರಿಯನ್ನು ಆ ಕಾಯ್ದೆ ಸ್ಥಳೀಯ ಸಂಸ್ಥೆಗಳ ತಲೆಯ ಮೇಲಿಟ್ಟಿತ್ತು. ಗುರಿ ಮುಟ್ಟಲು ಸುಲಭದ ದಾರಿ ಯಾವುದು? ತರಬೇತಿ ಇಲ್ಲದಿದ್ದರೂ ಕೆಲಸ ಸಿಗುವಂಥ ಚುರುಕಿನವರನ್ನೇ ಸೇರಿಸಿಕೊಳ್ಳುವುದು. ಹಾಲಿನ ಕೆನೆ ತೆಗೆದ ಹಾಗೆ ಎಂದು ಅಲ್ಲಿನವರೇ ಇದನ್ನು ಹಳಿಯುತ್ತಿದ್ದರು. ನಿಜವಾಗಿ ತರಬೇತಿ ಬೇಕಾಗಿದ್ದವನು ತಳದಲ್ಲೇ ಉಳಿಯುತ್ತಿದ್ದ. ನಮ್ಮಲ್ಲಾದರೋ ಕೆನೆಯ ಜೊತೆಗೆ ಶಿಫಾರಸೂ ಸೇರುತ್ತದೆ. ಸದಸ್ಯರ ಚೀಟಿ ತಂದವನಿಗೆ ಸೀಟು. ಆ ಚೀಟಿಗಿಂತ ಈ ಚೀಟಿ ಸಾವಿರ ಪಾಲು ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಆದರೆ ಹಜ್‌ನ ಕುರಾಕ್ಕೂ ಸಂಶೋಧಕರ ಚೀಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹೆಸರು ಬಾರದ ಹಜ್ ಅರ್ಜಿದಾರನಿಂದ ಯಾರಿಗೂ ಏನೂ ಬೇಕಿಲ್ಲ. ಅವನು ಮನೆಗೆ ಹೋಗಿ ಮುಂದಿನ ವರ್ಷ ಕಾಯುತ್ತಾನೆ. ಸಂಶೋಧನೆಯಲ್ಲಿ ಹೆಸರು ಬಾರದವನೇ ಮುಖ್ಯ. ಅವನಿಲ್ಲದೆ ಲೆಕ್ಕವೇ ಇಲ್ಲ. ಅವನಿಗೆ ಏನನ್ನೂ ಕೊಡದೆ ಅವನಿಂದ ಪಡೆಯಲಾಗುತ್ತದೆ. ಹದಿನಾರು ಊರುಗಳನ್ನು ಹೊಂದಿಸುವುದಕ್ಕೆ ಅವರು ಇನ್ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳ ಬಾಗಿಲು ತಟ್ಟಬೇಕಾಯಿತು. ಒಪ್ಪದವರು ಹೇಳಿದ ಕಾರಣಗಳಲ್ಲಿ ಮುಂದಿದ್ದದ್ದು ಇದೇ, ಸಹಾಯ ಕೇಳಿ ಬಂದವರನ್ನು ಚೀಟಿ ತೋರಿಸಿ ಕಳಿಸಲು ನಮ್ಮಿಂದಾಗದು ಎಂಬುದು. ಎದುರಿಗೆ ಕುಳಿತವನ ಮುಖ ನೋಡುವ ಗುಮಾಸ್ತನ ಸಂಕಟ ಅದು. ಅದನ್ನು ಬರಿಯ ಹಿಂಜರಿಕೆ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ಅವರು ಹೇಳಿದ ಇನ್ನೊಂದು ತೊಡಕು ನಮಗೆ ಇನ್ನೂ ಹೆಚ್ಚು ಚುಚ್ಚುತ್ತದೆ. ಬಂದವರಲ್ಲಿ ಮೂರನೇ ಒಂದು ಪಾಲನ್ನು ವಾಪಸು ಕಳಿಸಿದರೆ ತರಗತಿಗಳು ಖಾಲಿ ಬೀಳುತ್ತವೆ. ತುಂಬಬೇಕಾದರೆ ಮೊದಲಿಗಿಂತ ಹೆಚ್ಚು ಜನರನ್ನು ಕರೆದು ತರಬೇಕು. ಅಂದರೆ ‘ಸೀಟು ಕಡಿಮೆ, ಜನ ಹೆಚ್ಚು’ ಎಂಬ ಸಮರ್ಥನೆ ಎಲ್ಲ ಕಡೆಯೂ ನಿಜವಾಗಿರಲಿಲ್ಲ. ಕೆಲವು ಕಡೆ ಜನ ಹೆಚ್ಚಾಗುವಂತೆ ಮಾಡಬೇಕಾಯಿತು. ಹಸಿದವರು ಬಾಗಿಲಲ್ಲಿ ಸಾಲುಗಟ್ಟಿದ್ದಾಗ ಅಳೆದು ಬಡಿಸುವುದು ಒಂದು, ಲೆಕ್ಕ ಸರಿಯಾಗಲೆಂದು ಮನೆ ಮನೆಗೆ ಹೋಗಿ ಊಟಕ್ಕೆ ಕರೆದು ಕೊನೆಯ ಪಂಕ್ತಿಯನ್ನು ಎಬ್ಬಿಸುವುದು ಇನ್ನೊಂದು. ಮೊದಲನೆಯದನ್ನು ನಾವು ಒಪ್ಪುತ್ತೇವೆ. ಎರಡನೆಯದಕ್ಕೆ ಯಾವ ಜ್ಞಾನದ ಹೆಸರು ಹೇಳಿದರೂ ನಮ್ಮ ಮನಸ್ಸು ಒಪ್ಪದು.

ಇನ್ನು ಆ ಪ್ರಯೋಗದ ಉತ್ತರಕ್ಕೆ ಬರೋಣ. ವಯಸ್ಕ ಹೆಂಗಸರ ಸಂಪಾದನೆ ಹೆಚ್ಚಿತು. ಗಂಡಸರದೂ ಹೆಚ್ಚಿತು, ಆದರೆ ಎರಡೂ ಮಿತವಾಗಿಯೇ. ಬಡತನವೇನೂ ಹರಿಯಲಿಲ್ಲ, ಆದರೆ ಹಾಕಿದ ಹಣ ವ್ಯರ್ಥವಾಗಲಿಲ್ಲ. ಶಾಲೆ ಬಿಟ್ಟ ಯುವಕ ಯುವತಿಯರ ವಿಷಯದಲ್ಲಿ ಮಾತ್ರ ಫಲ ಸೊನ್ನೆಯ ಆಸುಪಾಸಿನಲ್ಲೇ ನಿಂತಿತು. 1995ರಲ್ಲಿ ಅಮೆರಿಕದ ಸಂಸತ್ತು ಆ ಯುವಕರ ತರಬೇತಿಯ ಹಣದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಕತ್ತರಿಸಿತು. ಕತ್ತರಿ ಹಿಡಿಯಲು ಬೇರೆ ರಾಜಕೀಯ ಕಾರಣಗಳೂ ಇದ್ದವು, ಆದರೆ ಕೈಗೆ ಸಿಕ್ಕ ಪುರಾವೆ ಈ ವರದಿಯೇ.

ಆ ಚೀಟಿಗೆ ಕೈಯೊಡ್ಡಿದ್ದ ಯುವಕರನ್ನು ನೆನೆಯಿರಿ. ಹೆಸರು ಬಂದವರೂ ಬಾರದವರೂ ವರ್ಷಗಟ್ಟಲೆ ತಮ್ಮ ಬದುಕಿನ ಲೆಕ್ಕ ಒಪ್ಪಿಸಿದರು. ಆ ಲೆಕ್ಕದಿಂದಲೇ ಅವರ ತಮ್ಮಂದಿರ, ತಂಗಿಯರ ಪಾಲಿನ ಬಾಗಿಲು ಮುಚ್ಚಿತು. ತಮಗೆ ತಿಳಿಯದೆಯೇ ಅವರು ತಮ್ಮವರ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಫಲವಿಲ್ಲದ ಕಡೆಗೆ ಹಣ ಹಾಕುವುದನ್ನು ನಿಲ್ಲಿಸಿದ್ದು ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಫಲವಿಲ್ಲದ ತರಬೇತಿಯಲ್ಲಿ ಬಡ ಹುಡುಗನ ಆರು ತಿಂಗಳು ಹಾಳು ಮಾಡುವುದೂ ಒಂದು ಬಗೆಯ ಕಳವು. ಆದರೆ ವರದಿ ಹೇಳಿದ್ದು ಏನನ್ನು? ಕೆಲವೇ ತಿಂಗಳ, ಕಡಿಮೆ ಖರ್ಚಿನ ಈ ಬಗೆಯ ತರಬೇತಿಯಿಂದ ಈ ಹುಡುಗರಿಗೆ ಫಲವಾಗಲಿಲ್ಲ ಎಂದಷ್ಟೇ. ಈ ಹುಡುಗರಿಗೆ ಏನನ್ನೂ ಕಲಿಸಲಾಗದು ಎಂದು ಅದು ಹೇಳಲಿಲ್ಲ. ಔಷಧಿ ಹಿಡಿಯಲಿಲ್ಲವೆಂದರೆ ಔಷಧಿ ಬದಲಿಸಬೇಕೇ, ರೋಗಿಯನ್ನು ಆಸ್ಪತ್ರೆಯಿಂದ ಹೊರಗೆ ಹಾಕಬೇಕೇ? ಅಂಕಿಗೆ ಬಾಯಿಲ್ಲ. ಅದರ ಪರವಾಗಿ ಮಾತನಾಡುವವರು ಹಣ ಹಂಚುವ ಮೇಜಿನ ಸುತ್ತ ಕುಳಿತಿರುತ್ತಾರೆ.

ಇದೇ ದೇಶದಲ್ಲಿ 1964ರಿಂದ ನಡೆದು ಬಂದ ಜಾಬ್ ಕೋರ್ ಎಂಬ ಇನ್ನೊಂದು ಯೋಜನೆಯಿದೆ. ಅಲ್ಲಿ ಹುಡುಗರು ವಸತಿ ಸಹಿತ ತಿಂಗಳುಗಟ್ಟಲೆ ಇದ್ದು ಕಲಿಯುತ್ತಾರೆ, ಖರ್ಚು ಹಲವು ಪಟ್ಟು ಹೆಚ್ಚು. 1990ರ ದಶಕದ ನಡುವಿನಲ್ಲಿ ಅದನ್ನೂ ಚೀಟಿಯ ಪರೀಕ್ಷೆಗೆ ಒಡ್ಡಿದರು. ಸುಮಾರು 81 ಸಾವಿರ ಅರ್ಹ ಅರ್ಜಿದಾರರಲ್ಲಿ ಆರು ಸಾವಿರದಷ್ಟು ಮಂದಿಗೆ ಮೂರು ವರ್ಷ ಪ್ರವೇಶವಿರಲಿಲ್ಲ. ಇಲ್ಲಿ ಫಲ ಕಂಡಿತು. ಸೇರಿದವರ ಓದು ಮುಂದುವರಿಯಿತು, ಪೊಲೀಸರ ಕೈಗೆ ಸಿಕ್ಕುವುದು ಕಡಿಮೆಯಾಯಿತು, ಸಂಪಾದನೆ ಕೆಲವು ವರ್ಷ ಏರಿತು. ಆಮೇಲೆ ಹೆಚ್ಚಿನವರಲ್ಲಿ ಆ ಏರಿಕೆ ಕರಗಿತು, ಇಪ್ಪತ್ತು ದಾಟಿ ಸೇರಿದವರಲ್ಲಿ ಉಳಿಯಿತು. ಹೆಸರು ಬಾರದವರ ಪಾಲನ್ನು ಎಷ್ಟು ಚಿಕ್ಕದಾಗಿ ಇಟ್ಟಿದ್ದರೆಂದು ಗಮನಿಸಿ, ನೂರಕ್ಕೆ ಏಳೆಂಟು ಮಂದಿ. ಹಿಂದಿನ ಪ್ರಯೋಗದಲ್ಲಿ ನೂರಕ್ಕೆ ಮೂವತ್ತಮೂರು. ಉತ್ತರ ಪಡೆಯಲು ಅಷ್ಟು ಮಂದಿಯನ್ನು ನೋಯಿಸಬೇಕಿಲ್ಲ ಎಂಬುದನ್ನು ಅವರೇ ತೋರಿಸಿಕೊಟ್ಟ ಹಾಗಾಯಿತು.

ಪ್ರಶ್ನೆಯನ್ನು ಯಾರ ಕಡೆಯಿಂದ ಕೇಳುತ್ತೇವೆ ಎಂಬುದೂ ನ್ಯಾಯದ ಮಾತೇ. ನಮ್ಮ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ 2013ರ ಸುಮಾರಿಗೆ ಇಂಥದೊಂದು ಪ್ರಯೋಗ ನಡೆಯಿತು. ಸರಕಾರದ್ದಲ್ಲ, ಉದ್ಯಮದ್ದು. ಹೆಣ್ಣು ಮಕ್ಕಳಿಗೆ ಮಾತುಕತೆ, ಸಮಯದ ಬಳಕೆ, ಸಮಸ್ಯೆ ಬಿಡಿಸುವುದು, ಹಣಕಾಸು ಮುಂತಾದವನ್ನು ಕಲಿಸುವ ತರಗತಿ. ಸೇರಲು ಬಯಸಿದವರು 2,700ರಷ್ಟು, ಚೀಟಿಯಲ್ಲಿ ಅವಕಾಶ ಸಿಕ್ಕಿದ್ದು ಸುಮಾರು 1,100 ಮಂದಿಗೆ. ಕಲಿತವರ ಕೆಲಸದ ಉತ್ಪಾದಕತೆ ಶೇಕಡಾ 13ಕ್ಕೂ ಹೆಚ್ಚು ಏರಿತು. ಸಂಬಳ? ಶೇಕಡಾ ಅರ್ಧದಷ್ಟು. ಕಂಪೆನಿ ಹಾಕಿದ ಹಣಕ್ಕೆ ಹಲವು ಪಟ್ಟು ಗಿಟ್ಟಿತು. ಈ ಅಂಕಿಗಳನ್ನು ಮುಚ್ಚಿಡದೆ ಪ್ರಕಟಿಸಿದ ಸಂಶೋಧಕರನ್ನು ಮೆಚ್ಚಬೇಕು. ಚೀಟಿ ಎತ್ತದೆ ಇದ್ದಿದ್ದರೆ ಲಾಭ ಯಾರ ಕಿಸೆಗೆ ಹೋಗುತ್ತಿದೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಆದರೆ ತಿಳಿದ ಮೇಲೆ ಏನಾಗಬೇಕು? ತರಬೇತಿ ಲಾಭದಾಯಕ ಎಂದು ಮಾಲೀಕರಿಗೆ ಹೇಳಲು ಈ ಅಧ್ಯಯನ ಬಳಕೆಯಾಗುವಷ್ಟು ಸುಲಭವಾಗಿ, ಹೊಲಿಗೆ ಯಂತ್ರದ ಮುಂದೆ ಕುಳಿತವಳು ತನ್ನ ಸಂಬಳದ ಮಾತಿಗೆ ಅದನ್ನು ಬಳಸಲಾದೀತೇ? ಉತ್ತರ ಇಂಗ್ಲಿಷಿನ ಅರ್ಥಶಾಸ್ತ್ರ ಪತ್ರಿಕೆಯಲ್ಲಿದೆ. ಲೆಕ್ಕ ಕೊಟ್ಟವಳು ಅದರ ಅಮಾನತುದಾರಳು, ಅವಳ ಭಾಷೆಯಲ್ಲಿ ಅದು ಅವಳ ಕೈ ಸೇರಬೇಡವೇ?

ಇನ್ನು ನಮ್ಮ ಸರಕಾರದ ರೀತಿ. ಐಟಿಐಗಳ ಕುಶಲಕರ್ಮಿ ತರಬೇತಿ ಶುರುವಾದದ್ದು 1950ರಲ್ಲಿ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಈಚಿನ ವರ್ಷಗಳಲ್ಲಂತೂ ಯೋಜನೆಗಳ ಹೆಸರು ನೆನಪಿಡುವುದೇ ಒಂದು ಕೌಶಲ್ಯವಾಗಿದೆ. ಅಲ್ಪಸಂಖ್ಯಾತರಿಗೆಂದೇ 2013ರಲ್ಲಿ ‘ಸೀಖೋ ಔರ್ ಕಮಾವೋ’, 2015ರಲ್ಲಿ ‘ನಯೀ ಮಂಝಿಲ್’ ಮತ್ತು ‘ಉಸ್ತಾದ್’ ಬಂದವು. ಮುಂದೆ ಇವೆಲ್ಲವನ್ನೂ ‘ಪಿಎಂ ವಿಕಾಸ್’ ಎಂಬ ಒಂದೇ ಹೆಸರಿನಡಿ ಸೇರಿಸಲಾಯಿತು. ಸೇರಿಸುವ ಮುಂಚೆ ಯಾವುದರಿಂದ ಯಾರಿಗೆ ಎಷ್ಟು ಸಿಕ್ಕಿತೆಂಬುದು ಆ ಯೋಜನೆಗಳಲ್ಲಿ ಕಲಿತ ಹುಡುಗರ ಮನೆ ಮಾತಾಗಲಿಲ್ಲ. (ಈ ನಡುವೆ ಗ್ಯಾರೇಜಿನಲ್ಲಿ ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುತ್ತಾ, ಬೈಸಿಕೊಳ್ಳುತ್ತಾ ಕಲಿಯುವ ಶಾಗಿರ್ದ್‌ಗಳ ಪರಂಪರೆ ಯಾವ ಅನುದಾನವೂ ಇಲ್ಲದೆ ನಡೆದೇ ಇದೆ. ಆ ಶಾಲೆಯ ಫಲವನ್ನು ಅಳೆಯಲು ಯಾರಾದರೂ ಚೀಟಿ ಎತ್ತಿದ್ದರೆ ನಮಗೆ ತಿಳಿಯುವ ಕುತೂಹಲವಿದೆ.)

2024ರ ಜುಲೈ ಬಜೆಟ್ಟಿನಲ್ಲಿ ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ ದೊಡ್ಡ ಕಂಪೆನಿಗಳಲ್ಲಿ ಇಂಟರ್ನ್‌ಶಿಪ್ ಎಂದು ಘೋಷಣೆಯಾಯಿತು. ಅದೇ ಅಕ್ಟೋಬರಿನಲ್ಲಿ ಅದರ ಪೈಲಟ್, ಅಂದರೆ ಪ್ರಾಯೋಗಿಕ ಹಂತ, ಶುರುವಾಯಿತು. ಈ ಕ್ರಮವನ್ನು ನೋಡಿ. ಮೊದಲು ಒಂದು ಕೋಟಿ, ಆಮೇಲೆ ಪ್ರಯೋಗ. ಅಡುಗೆಯ ರುಚಿ ನೋಡುವ ಮುಂಚೆಯೇ ಊರಿಗೆಲ್ಲ ಆಮಂತ್ರಣ ಹೋಗಿತ್ತು. ತಿಂಗಳಿಗೆ 5,000 ರೂಪಾಯಿ, ಹನ್ನೆರಡು ತಿಂಗಳು. ಮೊದಲ ಸುತ್ತಿನಲ್ಲಿ 1.27 ಲಕ್ಷ ಅವಕಾಶಗಳಿಗೆ ಬಂದ ಅರ್ಜಿಗಳು ಆರು ಲಕ್ಷಕ್ಕೂ ಹೆಚ್ಚು. ಕಂಪೆನಿಗಳು 82 ಸಾವಿರ ಆಹ್ವಾನಗಳನ್ನು ಕಳಿಸಿದವು. 28 ಸಾವಿರದಷ್ಟು ಒಪ್ಪಿಗೆ ಬಂತು. ಸೇರಿದವರು ಒಂಬತ್ತು ಸಾವಿರವನ್ನೂ ಮುಟ್ಟಲಿಲ್ಲ. ಊರು ದೂರ, ಕೆಲಸ ಬಯಸಿದ್ದಲ್ಲ, ಒಂದು ವರ್ಷ ಬಹಳ ಉದ್ದ ಎಂಬ ಕಾರಣಗಳು ಹೊರಬಂದವು. ಕಲಬುರಗಿಯ ಹುಡುಗಿಗೆ ಬೆಂಗಳೂರಿನಲ್ಲಿ ಅವಕಾಶ ಸಿಕ್ಕರೆ ಪಿಜಿಯ ಬಾಡಿಗೆಗೇ ಐದು ಸಾವಿರ ಸಾಲದು ಎಂಬುದು ಪ್ರಯೋಗವಿಲ್ಲದೆಯೂ ತಿಳಿಯಬಹುದಿತ್ತು. ಇರಲಿ, ಪ್ರಯೋಗದಿಂದಾದರೂ ತಿಳಿಯಿತಲ್ಲ. ಪೈಲಟ್ ಎನ್ನುವುದು ಇಂಥದಕ್ಕೇ, ಸೋಲು ಚಿಕ್ಕದಾಗಿರುವಾಗಲೇ ಕಲಿಯುವುದಕ್ಕೆ. ಈ ಮಟ್ಟಿಗೆ ನಾವು ಅದನ್ನು ಹಳಿಯುವುದಿಲ್ಲ.

ನಮ್ಮ ತಕರಾರು ಬೇರೆ. ಇಲ್ಲಿ ಜನರನ್ನು ಹೆಚ್ಚಿಸಲು ಯಾರೂ ಮನೆ ಮನೆಗೆ ಹೋಗಬೇಕಿರಲಿಲ್ಲ. ಅವಕಾಶ ಒಂದು, ಅರ್ಜಿ ಐದು. ಹಲವರು ಹೇಗೂ ಹೊರಗೇ ಉಳಿಯಬೇಕಾಗಿತ್ತು. ಚೀಟಿ ನ್ಯಾಯವಾಗುವ ಸಂದರ್ಭ ಎಂದಾದರೂ ಇದ್ದರೆ ಇದೇ. ಅರ್ಹರ ಒಂದು ಪಾಲನ್ನಾದರೂ ಚೀಟಿಯಿಂದ ಆರಿಸಿ, ಎರಡೂ ಕಡೆಯವರ ಮುಂದಿನ ಎರಡು ಮೂರು ವರ್ಷಗಳನ್ನು ಲೆಕ್ಕ ಇಟ್ಟಿದ್ದರೆ, ಒಂದು ಕೋಟಿಯ ಮಾತಿಗೆ ಆಧಾರ ಸಿಗುತ್ತಿತ್ತು. ಆಯ್ಕೆ ಕಂಪ್ಯೂಟರಿನ ಶಾರ್ಟ್‌ಲಿಸ್ಟು, ಕಂಪೆನಿಗಳ ಇಷ್ಟದ ಮೇಲೆ ನಡೆಯಿತು. ಕೆನೆ ಮೇಲೆ ಬಂತೋ ಇಲ್ಲವೋ ಹೇಳುವುದು ಈಗ ಕಷ್ಟ. ಅಮೆರಿಕದವರು ಮೂವರಲ್ಲಿ ಒಬ್ಬನನ್ನು ವಾಪಸು ಕಳಿಸಿ ಅವನ ಮುಂದೆ ಒಂದು ಪ್ರಶ್ನೆಯನ್ನಾದರೂ ಇಟ್ಟರು. ನಾವು ಎಷ್ಟೋ ಮಂದಿಯನ್ನು ಕಳಿಸಿ ಏನನ್ನೂ ಕೇಳಲಿಲ್ಲ. ಯಾರೂ ಚೀಟಿ ಎತ್ತಲಿಲ್ಲವೆಂದು ನಮ್ಮ ಆತ್ಮಸಾಕ್ಷಿ ಶುಭ್ರವಾಗಿ ಉಳಿಯಿತು. ಕ್ರೌರ್ಯ ಕಾಣಿಸಬೇಕಾದರೆ ಯಾರೋ ಒಬ್ಬರು ‘ನಿನಗಿಲ್ಲ’ ಎಂದು ಹೇಳಬೇಕು. ಎಸ್‌ಎಂಎಸ್ ಬಾರದೆ ಇದ್ದರೆ ಹೇಳಿದವರೇ ಇಲ್ಲ.

ಕೆಲಸ ಕಲಿಸುವವರಿಗೆ ಸಿಗದ ಸೀಟಿನ ಲೆಕ್ಕವೂ ಬೇಕಾಗುವ ದಿನ ಬರಬಹುದು. ಆ ಆರು ಲಕ್ಷ ಅರ್ಜಿಗಳಲ್ಲಿ ಅವಕಾಶ ಸಿಗದ ಹುಡುಗ ಹುಡುಗಿಯರು ಈಗ ಎಲ್ಲಿದ್ದಾರೆ, ಗ್ಯಾರೇಜಿನಲ್ಲೋ, ಡೆಲಿವರಿ ಬೈಕಿನ ಮೇಲೋ, ಇನ್ನೊಂದು ಪರೀಕ್ಷೆಯ ಕೋಚಿಂಗಿನಲ್ಲೋ, ಮದುವೆಯಾಗಿ ಮನೆಯಲ್ಲೋ ಎಂದು ವಿಚಾರಿಸಲು ದೊಡ್ಡ ಖರ್ಚೇನೂ ಇಲ್ಲ. ಅರ್ಜಿಯ ಜೊತೆಗೆ ಎಲ್ಲರೂ ಮೊಬೈಲ್ ನಂಬರು ಕೊಟ್ಟಿದ್ದಾರೆ.